ಅಮ್ಮನ ಹೆಸರಿನ ಮುಂದೆ ಬರೆದ ಒಂದು

ಶ್ರೀರಾಮಪುರ, ಬೆಂಗಳೂರು
10–7–1974, ಬುಧವಾರ

ಅಣ್ಣ ಲಕ್ಷ್ಮಯ್ಯನಿಗೆ ತಂಗಿ ಮುನಿಗಂಗಮ್ಮನ ನಮಸ್ಕಾರ. ‘ಪ್ರೀತಿಯ’ ಅಂತ ಬರೆಯಲು ಈ ಸಲ ಕೈ ಬರಲಿಲ್ಲ.

ಅಮ್ಮನ ಮಂಡಿನೋವು ಹೇಗಿದೆ? ಅತ್ತಿಗೆ ಬಸುರಿ, ಭಾರ ಎತ್ತಲು ಬಿಡಬೇಡ. ರೇಷ್ಮೆಹುಳ ಮೂರನೇ ಜ್ವರ ಕಳೆದು ಎದ್ದವೇ? ಅವಕ್ಕೆ ಸೊಪ್ಪು ಯಾರು ಕುಯ್ಯುತ್ತಿದ್ದಾರೆ ಅಂತ ಕೇಳುವುದಿಲ್ಲ. ಅದರ ಸುಳಿವು ನನಗೆ ಸೋಮವಾರ ಆಫೀಸಿನಲ್ಲೇ ಸಿಕ್ಕಿತು.

ನನ್ನ ಕೆಲಸ ಏನು ಅಂತ ನೀನು ಒಂದು ದಿನವೂ ಕೇಳಿದವನಲ್ಲ, ಆದರೂ ಹೇಳುತ್ತೇನೆ. ಊರೂರಿನಿಂದ ಮೇಷ್ಟ್ರುಗಳು ತುಂಬಿ ಕಳಿಸಿದ ಫಾರಂ ನೋಡಿಕೊಂಡು ದಪ್ಪ ಕಾಗದದ ಕಾರ್ಡಿಗೆ ಮಿಷಿನ್ನಿನಲ್ಲಿ ತೂತು ಹೊಡೆಯುತ್ತೇನೆ. ಅದೇ ಫಾರಂ, ಅದೇ ಕಾರ್ಡು ಇಟ್ಟುಕೊಂಡು ಪಕ್ಕದ ಸೊಣ್ಣಮ್ಮ ಇನ್ನೊಂದು ಮಿಷಿನ್ನಿನಲ್ಲಿ ಅದನ್ನೇ ಮತ್ತೆ ಒತ್ತುತ್ತಾಳೆ. ಇಬ್ಬರದೂ ಒಂದೇ ಆದರೆ ಸರಿ. ಇಲ್ಲದಿದ್ದರೆ ಮಿಷಿನ್ನು ಗಕ್ಕನೆ ನಿಂತು ಕೆಂಪು ದೀಪ ಹತ್ತುತ್ತದೆ. ಆಮೇಲೆ ಕಾರ್ಡುಗಳೆಲ್ಲ ಕಂಪ್ಯೂಟರಿನ ಹೊಟ್ಟೆಗೆ. ಯಾವ ಊರಿಗೆ ಹೈಸ್ಕೂಲು ಬೇಕು, ಯಾವ ಊರಿಗೆ ಬೇಡ ಅನ್ನುವುದು ಅದು ಕೊಡುವ ಲೆಕ್ಕದ ಮೇಲೆ.

ಸೋಮವಾರ ನನ್ನ ಮುಂದೆ ಬಿದ್ದ ಕಟ್ಟು ನಮ್ಮೂರು ಆವತಿಯದು. ಅಕ್ಷರ ನಿನ್ನದು, ನೋಡಿ ಎಷ್ಟು ಖುಷಿಪಟ್ಟೆ ಗೊತ್ತೇ? ಮರಳಿನ ಮೇಲೆ ನನ್ನ ಬೆರಳು ಹಿಡಿದು ತಿದ್ದಿಸಿದ ಅದೇ ಅಕ್ಷರ. ‘ನಮ್ಮಣ್ಣ ಬರ್ದಿರೋದು ಕಣೇ’ ಅಂತ ಸೊಣ್ಣಮ್ಮನಿಗೂ ತೋರಿಸಿದೆ. ಹನ್ನೊಂದನೇ ಫಾರಂ ನಮ್ಮ ಮನೆಯದು. ಓದು ಬರಹ ಬಂದರೆ ಒಂದು, ಬರದಿದ್ದರೆ ಸೊನ್ನೆ. ಅಮ್ಮನ ಹೆಸರಿನ ಮುಂದೆ ಒಂದು! ಕೆಳಗೆ ನಮ್ಮ ತಂಗಿ ಕದಿರಿ, ಹದಿಮೂರು ವರ್ಷ, ಶಾಲೆ ಬಿಟ್ಟಿದ್ದಾಳೆ. ಯಾಕೆ ಬಿಟ್ಟಳು ಅನ್ನುವುದಕ್ಕೆ ಬಡತನ ಒಂದು, ಮನೆಗೆಲಸ ಎರಡು, ಶಾಲೆ ದೂರ ಮೂರು, ಮಗುವಿಗೇ ಇಷ್ಟವಿಲ್ಲ ನಾಲ್ಕು. ನೀನು ನಾಲ್ಕು ಬರೆದಿದ್ದೀಯ.

ನಾನು ಅಮ್ಮನಿಗೆ ಸೊನ್ನೆ ಹೊಡೆದೆ, ಕದಿರಿಗೆ ಎರಡು ಹೊಡೆದೆ. ಸೊಣ್ಣಮ್ಮ ಫಾರಂ ನೋಡಿ ಒತ್ತಿದಳು. ಕೆಂಪು ದೀಪ ಹತ್ತಿತು. ಸೂಪರ್‌ವೈಜರ್ ಬಂದು ಎಲ್ಲರ ಎದುರಿಗೆ ಉಗಿದರು: ‘ಕೆಲ್ಸ ಕೊಟ್ಟಿರೋದು ನಿನ್ ಬೆರಳಿಗೆ ಕಣಮ್ಮ, ತಲೆಗಲ್ಲ. ಏನ್ ಬರ್ದವ್ರೋ ಅದನ್ನ ಹೊಡಿ.’ ಹೊಡೆದೆ. ನಿನ್ನ ಸುಳ್ಳನ್ನು ನನ್ನ ಕೈಯಾರೆ ತೂತು ಮಾಡಿ ಕೊಟ್ಟೆ. ಸೊಣ್ಣಮ್ಮ ಅದನ್ನೇ ಒತ್ತಿ ಸರಿ ಅಂದಳು.

ನಿಜ ಹೇಳಲೇ, ಆಗಲೂ ನಿನ್ನ ಮೇಲೆ ಒಂದು ನಂಬಿಕೆ ಉಳಿದಿತ್ತು. ‘ಕದಿರಿಯನ್ನು ಹೈಸ್ಕೂಲಿಗೆ ಸೇರಿಸಿದ್ದೇನೆ’ ಅಂತ ಕಾಗದ ಹಾಕಿದ್ದೆಯಲ್ಲ, ಫಾರಂನಲ್ಲಿ ಕೈತಪ್ಪು ಆಗಿರಬೇಕು ಅಂದುಕೊಂಡೆ. ನೆನ್ನೆ ರಜೆ ಹಾಕಿ ದೇವನಹಳ್ಳಿ ಹೈಸ್ಕೂಲಿಗೆ ಹೋದೆ. ಗುಮಾಸ್ತರು ರಿಜಿಸ್ಟರ್ ಎರಡು ಸಲ ತಿರುವಿದರು. ‘ಟಿ.ಸಿ.ನೇ ಬಂದಿಲ್ವಲ್ಲಮ್ಮ, ಸೋಮವಾರ ಕಡೇ ದಿನ’ ಅಂದರು. ಮನೆಗೆ ಬರಲಿಲ್ಲ. ಬಂದಿದ್ದರೆ ನಿನ್ನ ಮುಖಕ್ಕೆ ಏನು ಅಂದುಬಿಡುತ್ತಿದ್ದೆನೋ.

ಆ ಮಗುವಿಗೆ ಓದು ಇಷ್ಟವಿಲ್ಲವಾ, ಮೇಷ್ಟ್ರೇ? ಯುಗಾದಿಗೆ ಬಂದಾಗ ಕೆಟ್ಟುಹೋದ ಒಂದು ಕಾರ್ಡು ತಂದುಕೊಟ್ಟಿದ್ದೆ. ಅದನ್ನು ಬಿಸಿಲಿಗೆ ಹಿಡಿದು, ‘ಅಕ್ಕಾ, ಇದ್ರಾಗೆ ನನ್ ಹೆಸ್ರು ಎಂಗೆ ಹೊಡೀತಾರೆ? ನಾನೂ ಕಲ್ತ್ಕಂಡು ಬತ್ತೀನಿ ಕಣಕ್ಕಾ’ ಅಂದವಳು ಅವಳು. ಅವಳು ಶಾಲೆಗೆ ಹೋದರೆ ಹಿಪ್ಪುನೇರಳೆ ಸೊಪ್ಪು ಕುಯ್ಯಲು ಆಳು ಹುಡುಕಬೇಕು, ಅಷ್ಟೇ ತಾನೇ ನಿನ್ನ ಸಂಕಟ? ಹಾಗಿದ್ದರೆ ಎರಡು ಅಂತ ಬರೆಯಬೇಕಿತ್ತು. ಅಷ್ಟೂ ಮರ್ಯಾದೆ ಅವಳಿಗೆ ಇಲ್ಲವಾಯಿತೇ? ಅಮ್ಮನನ್ನು ಓದಿದವಳು ಮಾಡಿದ್ದು ಯಾಕೆ ಅಂತಲೂ ಗೊತ್ತು. ನಿನ್ನ ವಯಸ್ಕರ ಶಾಲೆಗೆ ಲಾಟೀನು ಬಂತೇ ಹೊರತು ಜನ ಬರಲಿಲ್ಲ. ಊರೆಲ್ಲ ಓದು ಕಲಿತರೆ ಚಾವಡಿಗೆ ರೇಡಿಯೋ ಕೊಡುತ್ತಾರಂತೆ. ಹಾಡು ಕೇಳು, ಚೆನ್ನಾಗಿ ಕೇಳು.

ಇದನ್ನೆಲ್ಲ ಬೇರೆ ಯಾರು ಮಾಡಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಅಪ್ಪ ಇದ್ದ ಕಾಲದಲ್ಲಿ ನನ್ನನ್ನು ಶಾಲೆ ಬಿಡಿಸಲು ನಿಂತಾಗ, ‘ಗಂಗ ಓದ್ಲಿ, ಸೊಪ್ಪು ನಾನ್ ಕುಯ್ತೀನಿ’ ಅಂತ ಅಡ್ಡ ನಿಂತವನು ನೀನು. ಆ ಅಣ್ಣ ಎಲ್ಲಿ ಹೋದ? ಈ ಫಾರಂ ಬರೆದವನು ಯಾರೋ, ನನಗೆ ಪರಿಚಯವಿಲ್ಲ.

ಅತ್ತಿಗೆಗೆ ಸುಖವಾಗಿ ಹೆರಿಗೆಯಾಗಲಿ. ಹುಟ್ಟುವುದು ಹೆಣ್ಣಾದರೆ ಅವಳ ಫಾರಂ ನೀನು ತುಂಬಬೇಡ.

ಇಂತಿ,
ಮುನಿಗಂಗ

ಮರೆತಿದ್ದೆ: ಈ ಕಾಗದ ಅಮ್ಮನ ಹೆಸರಿಗೆ ರಿಜಿಸ್ಟರ್ ಮಾಡಿಸುತ್ತಿದ್ದೇನೆ. ಬೇರೆ ಕಾಗದದ ಹಾಗೆ ಸ್ಕೂಲಿನಲ್ಲಿ ನಿನ್ನ ಕೈಗೆ ಕೊಟ್ಟು ಹೋಗಲು ಪೋಸ್ಟ್‌ಮನ್ ಬೈರಪ್ಪನಿಗೆ ಆಗುವುದಿಲ್ಲ. ಮನೆಗೇ ಬಂದು ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ನೀನು ಪಾಠ ಹೇಳುವ ಹೊತ್ತಿಗೆ ಇದನ್ನು ಅಮ್ಮನಿಗೆ ಓದಿ ಹೇಳುತ್ತಿರುವವಳು ಕದಿರಿ. ಕದಿರೀ, ಅಳಬೇಡ, ಗಟ್ಟಿಯಾಗಿ ಓದು. ಅಣ್ಣ ಬಚ್ಚಿಡುವುದೆಲ್ಲ ಟ್ರಂಕಿನಲ್ಲಿ ಹಾಜರಿ ಪುಸ್ತಕಗಳ ಕೆಳಗೆ, ನಿನ್ನ ಟಿ.ಸಿ. ಅಲ್ಲೇ ಇರುತ್ತದೆ. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅಮ್ಮನನ್ನು ಕರೆದುಕೊಂಡು ಹತ್ತು. ನಾನು ದೇವನಹಳ್ಳಿ ಹೈಸ್ಕೂಲಿನ ಗೇಟಿನಲ್ಲಿ ನಿಂತಿರುತ್ತೇನೆ. ಪೋಷಕರ ಸಹಿ ಬೇಕಂತೆ. ಅಣ್ಣನದು ಬೇಡ. ಅಮ್ಮನ ಹೆಬ್ಬೆಟ್ಟು ನಡೆಯುತ್ತದೆ, ಕೇಳಿಕೊಂಡು ಬಂದಿದ್ದೇನೆ.