ಆನೆಹೆಜ್ಜೆಯ ಹದಿನೇಳನೇ ಸಾಲು

ಗುಳೇದಗುಡ್ಡ
೩೧ ಫೆಬ್ರುವರಿ, ೨೧೯೪

ನೀಲಗಂಗಾ ಆಯಿಯವರಿಗೆ, ಏಳು ತಲೆಮಾರು ಆಚೆಯ ಸುಗಲವ್ವನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ, ಈಗ ಫೆಬ್ರುವರಿಗೂ ಮೂವತ್ತೊಂದು ದಿನ ಕೊಟ್ಟಿದ್ದಾರೆ. ನಾನು ಶಾಲೆ ಬಿಟ್ಟದ್ದು ನಾಲ್ಕನೆಯ ಇಯತ್ತೆಗೆ. ಆಮೇಲೆ ಎರಡು ಸಲ ಹೋಗಿ ಬಂದೆ, ವಿದ್ಯೆ ಹತ್ತಲಿಲ್ಲ. ಮಾತು ವಿಚಿತ್ರ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊನ್ನೆ ಕೆಟ್ಟ ಕನಸು ಬಿತ್ತು. ನೀವು ಹಳೆಯ ಇಂಟರ್ನೆಟ್ ಕಂಪನಿಗೆ ಫೋನು ಮಾಡಿ ಇವತ್ತೇ ಲೈನು ಕತ್ತರಿಸಿ ಎಂದಿರಿ. ಅಷ್ಟಕ್ಕೇ ನನ್ನ ಮಗ್ಗದ ಮೇಲಿನ ಕುಬಸದ ಖಣದಿಂದ ಹೂವು ಒಂದೊಂದಾಗಿ ಉದುರಿ, ಬರೀ ಬಟ್ಟೆ ಉಳಿಯಿತು. ಎದ್ದವಳೇ ಟ್ರಂಕು ತೆಗೆದು ನೀವು ನಮೂನೆ ಬರೆದ ಚೌಕುಳಿ ಕಾಗದಗಳನ್ನು ಎಣಿಸಿದೆ. ಹತ್ತೊಂಬತ್ತೂ ಇದ್ದವು. ಸಮಾಧಾನವಾಗದೆ ಮತ್ತೊಮ್ಮೆ ಎಣಿಸಿದೆ.

ನಿಮ್ಮ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ನಿಮ್ಮ ಅಪ್ಪ ಸಾಯುವ ಮುಂಚೆ ಖಣದ ಹತ್ತೊಂಬತ್ತು ನಮೂನೆಗಳ ಫೋಟೋ ತೆಗೆಸಿ ನಿಮ್ಮ ಇಮೇಲಿಗೆ ಕಳಿಸಿದ್ದರು. ಮೂಲ ಕಾಗದ ಗೆದ್ದಲು ತಿಂದವು. ಆ ಇಮೇಲು ಕೊಟ್ಟದ್ದು ಹಳೆಯ ಡಿಎಸ್ಎಲ್ ಕಂಪನಿಯೇ. ಲೈನು ಬಹಳ ನಿಧಾನವೆಂದು ನಿಮ್ಮ ಯಜಮಾನರು ಹೊಸ ಕಂಪನಿ ಹಿಡಿದಾಗ, ಅಪ್ಪನ ಪತ್ರಗಳೆಲ್ಲ ಹಳೆಯ ಮೋಡೆಮ್ ಡಬ್ಬಿಯಲ್ಲೇ ಇವೆ ಅಂದುಕೊಂಡು, ಅದನ್ನು ಹೊಸ ಬಟ್ಟೆಯಲ್ಲಿ ಸುತ್ತಿ ದೇವರ ಜಗಲಿ ಮೇಲಿಟ್ಟಿರಿ. ಹೊಸ ಲೈನು ಹಾಕಲು ಬಂದವನು ನಕ್ಕನಂತೆ: “ಅಕ್ಕಾರ, ಡಬ್ಬ್ಯಾಗ ಏನೂ ಇಲ್ರಿ. ಪತ್ರ ಎಲ್ಲಾ ಕಂಪನ್ಯಾಗ ಇರ್ತಾವ. ಲೈನ್ ಬಿಟ್ರ ಅವೂ ಹೋದ್ವು.” ನಿಮ್ಮ ಅತ್ತೆ ಸುಮ್ಮನಿರಲಿಲ್ಲ: “ಕುಂಕುಮ ಬ್ಯಾರೆ ಹಚ್ಚ್ಯಾಳ ನೋಡೋ ಅದಕ್ಕ!”

ನೀವು ಅಳಲಿಲ್ಲವಂತೆ. ಎಂಟು ದಿನ ಎರಡೂ ಲೈನು ಇರಲಿ ಎಂದು ಹಟ ಹಿಡಿದು, ಮೋಡೆಮ್ ಮತ್ತೆ ಜೋಡಿಸಿ, ಪರದೆ ನೋಡುತ್ತ ಚೌಕುಳಿ ಕಾಗದಕ್ಕೆ ಕೈಯಾರೆ ನಮೂನೆ ಇಳಿಸಿದಿರಿ. ಲೈನಿನವನು ಪೆನ್‌ಡ್ರೈವಿಗೂ ಹಾಕಿಕೊಟ್ಟ. ಅದು ಟ್ರಂಕಿನಲ್ಲೇ ಇದೆ, ಓದುವ ಯಂತ್ರ ಎಲ್ಲೂ ಇಲ್ಲ. ಕಾಗದ ಮಾತ್ರ ಇನ್ನೂ ಓದಿಸಿಕೊಳ್ಳುತ್ತದೆ. ಅದರಿಂದಲೇ ನಾವು ಏಳು ತಲೆಮಾರು ಉಂಡಿದ್ದೇವೆ.

ನಮಗೀಗ ತಂತಿಯಿಲ್ಲ. ಗೋಡೆಗೆ ಬಳಿಯುವ ಗಾರೆಯೇ ಸುದ್ದಿ ಹೊತ್ತು ತರುತ್ತದೆ, ಗೋಡೆಯುಸಿರು ಅನ್ನುತ್ತೇವೆ. ಪ್ರತಿ ಯುಗಾದಿಗೆ ಜನ ಕಂಪನಿ ಬದಲಿಸುತ್ತಾರೆ. ಆದರೆ ಹೊಸ ಗಾರೆ ಒಣಗಿ, ಮನೆಯ ಎಲ್ಲರೂ ತಮ್ಮದನ್ನು ತೆಗೆದುಕೊಂಡೆವು ಅನ್ನುವ ತನಕ ಹಳೆಯದನ್ನು ಯಾರೂ ಕೆರೆಯುವುದಿಲ್ಲ. ಅದಕ್ಕೆ ಊರೆಲ್ಲ ‘ಆಯಿಯ ಎಂಟು ದಿನ’ ಅನ್ನುತ್ತಾರೆ. ಆ ಆಯಿ ನೀವೇ. ನೆನೆದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ.

ಹಿಂದಂಚೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲು, ಮನೆಗೆ ಒಂದೇ ಸಲ ಸಿಗುತ್ತದೆ. ಈ ಪತ್ರವನ್ನು ನಿಮ್ಮ ಎಂಟನೆಯ ದಿನದ ಬೆಳಗಿಗೆ ಹಾಕಿಸಿದ್ದೇನೆ. ಸಂಜೆ ಲೈನು ಹೋಗುತ್ತದೆ, ಅದಕ್ಕೇ ಜೀವ ಕೈಯಲ್ಲಿದೆ.

ಮಗಳ ಮದುವೆಯ ಕುಬಸಕ್ಕೆ ಆನೆಹೆಜ್ಜೆ ನಮೂನೆ ನೇಯುತ್ತಿದ್ದೇನೆ, ನಿಮ್ಮ ಹತ್ತೊಂಬತ್ತರಲ್ಲಿ ಕೊನೆಯ ಕಾಗದ. ಇದುವರೆಗೆ ಯಾರೂ ಅದನ್ನು ಪೂರ್ತಿ ನೇಯ್ದಿಲ್ಲ. ಹದಿನೇಳನೇ ಸಾಲಿನ ಮೇಲೆ ನೀರು ಬಿದ್ದು, ತುಂಬಿದ ಚೌಕ ಒಂಬತ್ತೋ ಹತ್ತೋ ತಿಳಿಯುತ್ತಿಲ್ಲ. ಹದಿನಾರು ಸಾಲು ಮುಗಿಸಿ ಮಗ್ಗ ನಿಲ್ಲಿಸಿದ್ದೇನೆ. ಲೈನು ಹೋಗುವ ಮುಂಚೆ ಅಪ್ಪನ ಪತ್ರ ಇನ್ನೊಮ್ಮೆ ತೆಗೆದು ಆ ಒಂದು ಸಾಲು ಎಣಿಸಿ, ಆಯಿ. ಸಂಖ್ಯೆಯನ್ನು ಕಾಗದದ ಅಂಚಿಗೆ, ನೀರು ತಾಗದ ಕಡೆ, ಪೆನ್ಸಿಲಿನಲ್ಲಿ ಬರೆದಿಡಿ. ನಾನು ಇಲ್ಲಿ ಆ ಕಾಗದದ ಅಂಚು ನೋಡುತ್ತ ಟ್ರಂಕಿನ ಮುಂದೆ ಕೂತಿರುತ್ತೇನೆ.