ಹಾಸಿಗೆಯಿದ್ದ ಗಾಡಿ

ಮಿಲ್ವಾಕೀ, ವಿಸ್ಕಾನ್ಸಿನ್
13 ಅಕ್ಟೋಬರ್ 1957, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ರೇ,

ಹೇಗಿದ್ದೀಯಪ್ಪ? ಜರ್ಮನಿಯಲ್ಲಿ ಆಗಲೇ ಚಳಿ ಹಿಡಿದಿದೆ ಎಂದು ಬರೆದಿದ್ದೆ. ಕೆಮ್ಮು ಬಿಟ್ಟಿತೇ? ಎದೆಗೆ ಹಚ್ಚಿಕೋ ಎಂದು ಕಳಿಸಿದ ಮುಲಾಮನ್ನು ಜೊತೆಯ ಹುಡುಗರಿಗೆಲ್ಲ ಹಂಚಿ ಖಾಲಿ ಮಾಡಿರುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಸೈನ್ಯದವರು ಕೊಡುವ ಕಾಲುಚೀಲ ತೆಳುವಾಗಿದ್ದರೆ ಒಂದರ ಮೇಲೊಂದು ಎರಡು ಹಾಕಿಕೋ. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದದ್ದೇ. ಚರ್ಚಿನಿಂದ ಈಗಷ್ಟೇ ಬಂದು, ಟೋಪಿ ಕೂಡ ತೆಗೆಯದೆ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ. ಟೋಪಿ ತೆಗೆದರೆ ಏಪ್ರನ್ ಕಟ್ಟಬೇಕು ಅನ್ನಿಸುತ್ತದೆ, ಏಪ್ರನ್ ಕಟ್ಟಿದರೆ ಪತ್ರ ನಾಳೆಗೆ ಹೋಗುತ್ತದೆ.

ಗುರುವಾರ ನಮ್ಮ ಊರಿನ ಬೇಸ್‌ಬಾಲ್ ತಂಡ ನ್ಯೂಯಾರ್ಕಿನವರನ್ನು ಸೋಲಿಸಿ ಇಡೀ ದೇಶಕ್ಕೆ ಮೊದಲು ಬಂತು. ನಿಮಗೂ ರೇಡಿಯೋದಲ್ಲಿ ತಿಳಿದಿರಬೇಕು. ಸಂಜೆ ವಾಲ್ನಟ್ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾರಿದ್ದವರೆಲ್ಲ ಹಾರ್ನ್ ಒತ್ತುತ್ತಲೇ ಇದ್ದರು. ನಮ್ಮ ಗಾಡಿ ಮಾತ್ರ ಮನೆ ಮುಂದೆ ಸುಮ್ಮನೆ ನಿಂತಿತ್ತು. ಎದುರುಮನೆಯ ಹುಡುಗಿಯರು ಬಂದು, "ಆಂಟಿ, ನಿಮ್ಮದೊಂದೇ ಬಾಕಿ. ಒತ್ತಿ ಆಂಟಿ, ಸಂಕೋಚ ಬೇಡ!" ಎಂದು ಕೈಹಿಡಿದು ಎಳೆದರು. ಒಳಗೆ ಕೂತು ಒತ್ತಿದೆ. ಒತ್ತುತ್ತಲೇ ಅತ್ತೆ. ಆ ಗದ್ದಲದಲ್ಲಿ ಯಾರಿಗೂ ತಿಳಿಯಲಿಲ್ಲ. ಐದು ಬೇಸಿಗೆ ಆ ರೇಡಿಯೋಗೆ ಬೈದುಕೊಂಡು ಈ ಒಂದು ದಿನಕ್ಕಾಗಿ ಕಾದವರು ನಿನ್ನಪ್ಪ.

ಪ್ರತಿ ಪತ್ರದಲ್ಲೂ ನೀನು ಅದನ್ನೇ ಕೇಳುತ್ತಿದ್ದೀಯ, ಅಪ್ಪ ಹೋದದ್ದು ಹೇಗೆ ಎಂದು. ತಂತಿಯಲ್ಲಿ ಬಂದದ್ದು ಒಂದೇ ಸಾಲು. ಆಮೇಲೆ ನಾನು ಬರೆದದ್ದರಲ್ಲಿ ಹೂವಿನ ವಿಷಯ, ಪಾದ್ರಿಗಳ ಪ್ರಸಂಗ, ಯಾರು ಯಾರು ಕೇಕು ತಂದುಕೊಟ್ಟರು ಅನ್ನುವುದು ಮಾತ್ರ ಇತ್ತು. ಅಸಲು ವಿಷಯ ಬರೆಯಲು ಕೂತಾಗಲೆಲ್ಲ ಎದ್ದು ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಿದ್ದೇನೆ. ಇವತ್ತು ಬರೆಯುತ್ತೇನೆ. ನೀನು ಒಂಟಿಯಾಗಿ ಕೂತು ಓದಬೇಡ, ನಿನ್ನ ಸ್ನೇಹಿತ ಆ ಅಲಬಾಮಾದ ಹುಡುಗ ಇದ್ದಾನಲ್ಲ, ಅವನನ್ನು ಪಕ್ಕದಲ್ಲಿ ಕೂರಿಸಿಕೋ.

ಜೂನ್‌ನಿಂದಲೇ ಅಪ್ಪನ ಮುಖ ಸರಿಯಿರಲಿಲ್ಲ. ಒಂದು ಸಂಜೆ ಕಾರ್ಖಾನೆಯಿಂದ ಬಂದವರು ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ವೀನಿ, ಇನ್ನು ನ್ಯಾಶ್ ಅನ್ನೋ ಕಾರೇ ಇಲ್ಲ ಕಣೆ" ಎಂದರು. ಕಂಪನಿ ಇರುತ್ತದೆ, ಕೆಲಸವೂ ಇರುತ್ತದೆ, ಚಿಕ್ಕ ಕಾರುಗಳನ್ನು ಮಾಡುತ್ತಾರೆ, ಆದರೆ ಅವುಗಳ ಮೇಲೆ ಆ ಹೆಸರು ಇರುವುದಿಲ್ಲವಂತೆ. ನಲವತ್ತು ವರ್ಷದ ಹೆಸರು. "ಹೆಸರು ಹೋದರೆ ಹೋಗಲಿ ಬಿಡು, ಕೆಲಸ ಉಳೀತಲ್ಲ" ಎಂದೆ. ಅದಕ್ಕವರು, "ನಾಳೆ ಯಾರಾದರೂ ಬಂದು, ನಿನ್ನ ಹೆಂಡತೀನ ಇನ್ನು ಲುವೀನಿಯಾ ಅಂತ ಕರೀಬೇಡ, ಆದರೆ ಅಡುಗೆ ಮಾತ್ರ ಮೊದಲಿನ ಹಾಗೇ ಮಾಡ್ತಾಳೆ ಅಂದರೆ, ನಾನು ಸರಿ ಅನ್ನಬೇಕಾ?" ಎಂದು ಕೇಳಿದರು. ನಾನು ನಕ್ಕೆ, ಅವರು ನಗಲಿಲ್ಲ. ಇಲ್ಲಿ ಮಿಲ್ವಾಕೀಯಲ್ಲಿ ಗಾಡಿಯ ಒಡಲು ತಯಾರಾಗಿ, ಲಾರಿ ಏರಿ ಕೆನೋಶಾದ ಕಾರ್ಖಾನೆಗೆ ಹೋಗುತ್ತಿತ್ತಲ್ಲ, ಆ ಒಡಲೊಳಗೆ ಕೂರಿಸುವ ಸೀಟು ನಿನ್ನಪ್ಪನ ವಿಭಾಗದ್ದು. ಮೊದಮೊದಲು ಅವರಿಗೆ ಭಾರ ಹೊರುವ ಕೆಲಸ ಮಾತ್ರ ಕೊಟ್ಟಿದ್ದರು. ಯುದ್ಧದ ನಂತರ ಸೀಟಿಗೆ ಬಟ್ಟೆ ಬಿಗಿಯುವ ಕೆಲಸ ಸಿಕ್ಕಿತು. ಬೀದಿಯಲ್ಲಿ ಯಾವ ನ್ಯಾಶ್ ಹೋದರೂ, "ನೋಡು, ಆ ಯಪ್ಪ ನನ್ನ ಮೇಲೆ ಕೂತಿದಾನೆ" ಎಂದು ನಗಿಸುತ್ತಿದ್ದುದು ನಿನಗೆ ನೆನಪಿದೆಯಲ್ಲ.

ನಾವು ಆ ಗಾಡಿ ಕೊಂಡಾಗ ಇಡೀ ಬೀದಿ ನಕ್ಕಿತು. ನಿನ್ನ ಗೆಳೆಯರಂತೂ ಅದನ್ನು ಕವುಚಿ ಹಾಕಿದ ಸ್ನಾನದ ತೊಟ್ಟಿ ಎಂದರು. ಮುಂದಿನ ಚಕ್ರಗಳನ್ನೂ ಲಂಗದ ಹಾಗೆ ಮುಚ್ಚಿಬಿಟ್ಟಿದ್ದರಿಂದ ಟೈರು ಪಂಕ್ಚರ್ ಆದರೆ ಮಣ್ಣಲ್ಲಿ ಮಲಗಿ ತಿಣುಕಬೇಕಾಗಿತ್ತು. ಸೀಟು ಹಿಂದಕ್ಕೆ ಮಲಗಿ ಹಾಸಿಗೆಯಾಗುತ್ತದೆ ಎಂದು ತಿಳಿದ ಮೇಲೆ ಪಕ್ಕದ ಬೀದಿಯ ಮಿಸೆಸ್ ಟಾಲಿವರ್ ತನ್ನ ಮಗಳಿಗೆ, "ಆ ಮನೆ ಹುಡುಗ ಗಾಡೀಲಿ ಬಿಡ್ತೀನಿ ಅಂದರೆ ನಡಕೊಂಡೇ ಬಾ" ಎಂದು ಹೇಳಿದ್ದಳಂತೆ. ನೀನಾಗ ಹದಿನೈದರ ಹುಡುಗ, ಮುಖ ಊದಿಸಿಕೊಂಡು ವಾರವಿಡೀ ನಮ್ಮ ಜೊತೆ ಮಾತು ಬಿಟ್ಟಿದ್ದೆ. ನಿನ್ನಪ್ಪ ಕೊಂಡದ್ದು ಆ ಹಾಸಿಗೆಗಾಗಿಯೇ. ದಕ್ಷಿಣಕ್ಕೆ ಅಜ್ಜಿಯ ಮನೆಗೆ ಹೋಗುವಾಗ ಗಡಿಯೂರು ಕೇರೋ ದಾಟಿದ ಮೇಲೆ ನಮ್ಮ ಕಪ್ಪು ಜನಕ್ಕೆ ಕೋಣೆ ಕೊಡುವವರು ಯಾರಿದ್ದರು? ಅದರ ಹಿಂದಿನ ಸಲ ಹೋದಾಗ ಒಬ್ಬ ಹೋಟೆಲಿನವನು ಖಾಲಿ ಕೋಣೆಗಳ ಬೀಗದ ಕೈಗಳನ್ನು ನಮ್ಮ ಕಣ್ಣೆದುರೇ ತೂಗುಹಾಕಿಕೊಂಡು, ಕೋಣೆಯಿಲ್ಲ ಅಂದಿದ್ದ. ಅಪ್ಪ ಅವತ್ತೇ ತೀರ್ಮಾನ ಮಾಡಿದ್ದರು. ಆಮೇಲೆ ಶೂ ಡಬ್ಬಿಯಲ್ಲಿ ಕರಿದ ಕೋಳಿ, ಬೇಯಿಸಿದ ಮೊಟ್ಟೆ ತುಂಬಿಕೊಂಡು ಹೊರಟರೆ ನಮಗೆ ಯಾರ ಹಂಗೂ ಇರಲಿಲ್ಲ. ನಮ್ಮವರ ಚರ್ಚುಗಳ ಹಿತ್ತಿಲಲ್ಲಿ ಗಾಡಿ ನಿಲ್ಲಿಸಿ ಮೂವರೂ ಮಲಗುತ್ತಿದ್ದೆವು. ನಿನ್ನ ಕಾಲು ಸದಾ ನನ್ನ ಹೊಟ್ಟೆಯ ಮೇಲೆ.

ಆಗಸ್ಟ್‌ನಲ್ಲಿ ಅಜ್ಜಿಗೆ ಮೈ ಸರಿಯಿಲ್ಲವೆಂದು ಲೂಲಾ ಚಿಕ್ಕಮ್ಮ ಸುದ್ದಿ ಕಳಿಸಿದಳು. ನಾವು ಹೋಗುವ ಹೊತ್ತಿಗೆ ಅಜ್ಜಿ ಎದ್ದು ಜಗಲಿಯಲ್ಲಿ ಅವರೆಕಾಳು ಬಿಡಿಸುತ್ತಾ ಕೂತಿದ್ದರು. "ಸಾಯ್ತೀನಿ ಅಂತ ಬಂದ್ರಾ? ಊಟ ಮಾಡಿ ಹೋಗಿ, ನನಗಿನ್ನೂ ಕೆಲಸ ಇದೆ" ಎಂದರು. ಅಪ್ಪ ಅವರನ್ನು ಗಾಡಿಯಲ್ಲಿ ಮಲಗಿಸಿ, ಸೀಟನ್ನು ಏರಿಸಿ ಇಳಿಸಿ ತೋರಿಸಿ, "ಬಾ ಅಮ್ಮಾ, ಹೀಗೇ ಮಲಗಿಕೊಂಡು ಬಂದುಬಿಡು ನಮ್ಮ ಜೊತೆ" ಎಂದು ಕೇಳಿದರು. ಅಜ್ಜಿ ಮಲಗಿದ್ದಲ್ಲೇ ಕಣ್ಣು ಮುಚ್ಚಿ, "ನೀನು ಮಾಡಿದ್ದಾ ಇದು? ಚೆನ್ನಾಗಿದೆ ಕಣೋ. ಆದರೆ ನಿಮ್ಮೂರ ಹಿಮ ನನಗೆ ಬೇಡ" ಎಂದರು. ಅಪ್ಪನಿಗೆ ಆ ಹೊಗಳಿಕೆ ಸಾಕಾಗಿತ್ತು. ವಾಪಸು ಬರುವಾಗ ಮೆಂಫಿಸ್‌ವರೆಗೂ ಸಿಳ್ಳೆ ಹಾಕುತ್ತಲೇ ಬಂದರು.

ಮೆಂಫಿಸ್ ದಾಟಿ ಎಷ್ಟೋ ದೂರ ಬಂದ ಮೇಲೆ ಸಿಳ್ಳೆ ನಿಂತಿತು. ಮಧ್ಯಾಹ್ನದ ಬಿಸಿಲು, ಎರಡೂ ಕಡೆ ಹತ್ತಿಯ ಹೊಲ. ಗಾಡಿಯನ್ನು ಒಂದು ಮರದ ಕೆಳಗೆ ತಂದು ನಿಲ್ಲಿಸಿ, "ವೀನಿ, ಎದೆ ಮೇಲೆ ಯಾರೋ ಕೂತ ಹಾಗಿದೆ" ಎಂದರು. ಮುಖವೆಲ್ಲ ಬೆವರು. ನಾನು ಇಳಿದು ಆ ಕಡೆಯಿಂದ ಬಂದು ಅವರನ್ನು ನನ್ನ ಸೀಟಿಗೆ ಸರಿಸಿ, ಅದನ್ನು ಪೂರ್ತಿ ಮಲಗಿಸಿದೆ. ಗಾಡಿ ಓಡಿಸುವವರು ಯಾರು? ನಿನಗೆ ಗೊತ್ತೇ ಇದೆ, ಬಿಯರ್ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಎರಡು ಭಾನುವಾರ ಕಲಿತು, ಖಾಲಿ ಪೀಪಾಯಿಗೆ ಗುದ್ದಿ, ಜನ್ಮದಲ್ಲಿ ಇದನ್ನು ಮುಟ್ಟುವುದಿಲ್ಲ ಎಂದು ಇಳಿದು ಬಂದವಳು ನಾನು. ಅವತ್ತು ಮುಟ್ಟಿದೆ.

ಮುಂದಿನ ಊರಿನಲ್ಲಿ ಆಸ್ಪತ್ರೆಯಿತ್ತು. ಹೊಸದಾಗಿ ಸುಣ್ಣ ಹೊಡೆದಿದ್ದ ದೊಡ್ಡ ಕಟ್ಟಡ. ಮುಂಬಾಗಿಲಿಗೆ ಹೋದೆ, ಹಿಂಬಾಗಿಲಿಗೆ ಹೋಗು ಎಂದರು. ಹಿಂಬಾಗಿಲಿಗೆ ಹೋದೆ. ಒಬ್ಬ ನರ್ಸ್ ಬಂದು ಜಾಲರಿ ಬಾಗಿಲನ್ನು ತೆಗೆಯದೆ ಅದರ ಹಿಂದೆಯೇ ನಿಂತು, "ನಿಮ್ಮವರ ವಾರ್ಡಿನಲ್ಲಿ ಹಾಸಿಗೆ ಖಾಲಿ ಇಲ್ಲ" ಎಂದಳು. "ಹಾಸಿಗೆ ಬೇಡಮ್ಮ, ಗಾಡೀಲೇ ಮಲಗಿದಾರೆ. ಡಾಕ್ಟರು ಒಂದು ನಿಮಿಷ ಬಂದು ನೋಡಿದರೆ ಸಾಕು" ಎಂದೆ. "ಡಾಕ್ಟರು ಬಿಡುವಾಗಿಲ್ಲ" ಎಂದಳು. ಅವಳ ಮುಖ ನನಗೆ ನೆನಪಿಲ್ಲ ಮಗನೇ. ಎಷ್ಟು ಪ್ರಯತ್ನಪಟ್ಟರೂ ಅವಳ ಬಿಳಿ ಬೂಟು ಮಾತ್ರ ಕಣ್ಣಿಗೆ ಬರುತ್ತದೆ. ಬಟ್ಟೆ ಒಣಹಾಕುತ್ತಿದ್ದ ನಮ್ಮವಳೊಬ್ಬಳು ಓಡಿಬಂದು, "ಅಕ್ಕಾ, ಇಲ್ಲಿ ನಿಂತು ಹೊತ್ತು ಕಳೀಬೇಡಿ. ನೆಟ್ಟಗೆ ಹೋಗಿ, ರೈಲು ಹಳಿ ದಾಟಿದ ಮೇಲೆ ಬರೋ ಊರಲ್ಲಿ ಡಾಕ್ಟರ್ ಪೆಟಸ್ ಅಂತ ಇದಾರೆ, ನಮ್ಮವರೇ" ಎಂದಳು.

ಹೊರಟೆ. ಗಾಡಿ ಕುಪ್ಪಳಿಸಿತು, ನಿಂತಿತು. ಪಕ್ಕದಲ್ಲಿ ಮಲಗಿದ್ದಲ್ಲಿಂದಲೇ ನಿನ್ನಪ್ಪ ಹೇಳಿಕೊಡುತ್ತಿದ್ದರು. "ಕ್ಲಚ್ ಪೂರ್ತಿ ಒತ್ತು. ಈಗ ಬಿಡು, ಮೆಲ್ಲಗೆ, ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ. ಹಾಂ. ಈಗ ಎರಡನೇ ಗೇರು. ರಸ್ತೆ ನೋಡು, ನನ್ನನ್ನ ನೋಡಬೇಡ." ಒಂದು ಸಲ ನಕ್ಕರು ಕೂಡ, "ಪೀಪಾಯಿ ಬಂದರೆ ಹೇಳ್ತೀನಿ, ಭಯಪಡಬೇಡ" ಎಂದು. ನಾನು ಮಾತಾಡುತ್ತಲೇ ಇದ್ದೆ. ನೀನು ಬಂದ ಮೇಲೆ ಕ್ರಿಸ್ಮಸ್‌ಗೆ ಏನೇನು ಮಾಡೋಣ, ಸಿಹಿಗೆಣಸಿನ ಪೈ ಎಷ್ಟು ಮಾಡೋಣ, ಹಿಂದಿನ ಕೋಣೆಗೆ ಬಣ್ಣ ಹೊಡೆಸೋಣವೇ ಎಂದೆಲ್ಲ. ಗಾಡಿ ಈಗ ನೀರಿನ ಮೇಲೆ ಹೋದ ಹಾಗೆ ಹೋಗುತ್ತಿತ್ತು. ಅವರು ಸುಮ್ಮನಾದರು. ನಾನು ಚೆನ್ನಾಗಿ ಓಡಿಸುತ್ತಿದ್ದೇನೆ, ಇನ್ನು ಹೇಳಿಕೊಡಬೇಕಾಗಿಲ್ಲ ಎಂದು ಸುಮ್ಮನಾಗಿದ್ದಾರೆ ಅಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ ರೇ. ಒಳಗೊಳಗೇ ಸ್ವಲ್ಪ ಹೆಮ್ಮೆ ಕೂಡ ಪಟ್ಟೆ.

ಡಾಕ್ಟರ್ ಪೆಟಸ್ ಅಂಗಿಯ ತೋಳು ಮಡಚಿಕೊಂಡು ಹೊರಗೆ ಬಂದು, ಆ ಬದಿಯ ಬಾಗಿಲು ತೆಗೆದು ಬಗ್ಗಿದರು. ಚೀಲ ತರಲು ಒಳಗೆ ಹೋಗಲಿಲ್ಲ. ಅಪ್ಪನ ಕೈ ಹಿಡಿದು ನಾಡಿ ನೋಡಿ, ಆಮೇಲೆ ನನ್ನ ಕಡೆ ಬಂದು, "ತಾಯೀ, ಇಂಜಿನ್ ಆರಿಸಿ" ಎಂದರು. ನನ್ನ ಕಾಲು ಇನ್ನೂ ಕ್ಲಚ್ಚಿನ ಮೇಲೇ ಇತ್ತು. ಯಾವ ಹೊಲದ ಹತ್ತಿರ, ಯಾವ ತಿರುವಿನಲ್ಲಿ ಹೋದರು, ನಾನು ಏನು ಹೇಳುತ್ತಿದ್ದಾಗ ಅವರಿಗೆ ಕೇಳಿಸುವುದು ನಿಂತಿತು, ನನಗೆ ತಿಳಿಯದು. ಪೈ ವಿಷಯ ಕೇಳಿಸಿರಬೇಕು. ಅದಕ್ಕೆ "ಹೂಂ" ಅಂದ ಹಾಗೆ ಇತ್ತು. ನರಳಲಿಲ್ಲ. ಅದೊಂದನ್ನು ನೀನು ನಂಬು.

ಆ ಡಾಕ್ಟರ ಹೆಂಡತಿ ನನ್ನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು, ತಂಗಿಯ ಹಾಗೆ ತಲೆ ಬಾಚಿ, ಊಟ ಮಾಡಿಸಿದರು. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಕ್ಲಿಯೋಫಸ್ ಸುದ್ದಿ ಕೇಳಿದವನೇ ರೈಲು ಹತ್ತಿ ಬಂದ. ಅಪ್ಪನನ್ನು ರೈಲಿನಲ್ಲಿ ಕಳಿಸಿ ನನ್ನನ್ನು ಗಾಡಿಯಲ್ಲಿ ಕರೆತಂದ. ಊರು ಬರುವವರೆಗೂ ಅವನು ಒಂದೇ ಮಾತಾಡಿದ್ದು: "ಅತ್ತಿಗೆ, ಈ ಸೀಟಿನ ಬಟ್ಟೆ ನಾವಿಬ್ಬರೂ ಸೇರಿ ಬಿಗಿದದ್ದು."

ನೀನು ಬರೆದಿದ್ದೆ, ನಾನಿದ್ದಿದ್ದರೆ ಗಾಡಿ ನಾನು ಓಡಿಸುತ್ತಿದ್ದೆ ಎಂದು. ಓಡಿಸುತ್ತಿದ್ದೆಯಪ್ಪ, ನನಗಿಂತ ಬೇಗ ಓಡಿಸುತ್ತಿದ್ದೆ. ಆದರೆ ಆ ಜಾಲರಿ ಬಾಗಿಲು ನಿನಗೂ ತೆಗೆಯುತ್ತಿರಲಿಲ್ಲ. ಆ ಭಾರವನ್ನು ನೀನು ಹೊರಬೇಡ. ಅದು ನಿನ್ನದಲ್ಲ, ನನ್ನದೂ ಅಲ್ಲ. ನಿನಗೆ ಸಿಟ್ಟು ಬರುತ್ತದೆ, ಬರಲಿ. ನನಗೂ ಬರುತ್ತದೆ, ಕೆಲವು ದಿನ ಪ್ರಾರ್ಥನೆಯ ನಡುವೆಯೇ ಬರುತ್ತದೆ.

ಗಾಡಿಯನ್ನು ಮಾರಿಬಿಡು ಎಂದು ಎಲ್ಲರೂ ಹೇಳುತ್ತಾರೆ. ಸತ್ತವರು ಮಲಗಿದ್ದ ಗಾಡಿ ಎಂದು ಮಿಸೆಸ್ ಟಾಲಿವರ್ ಈಗ ಬೀದಿಯ ಎದುರು ಬದಿಯಲ್ಲಿ ನಡೆದು ಹೋಗುತ್ತಾಳೆ. ಕಾರು ಮಾರುವ ಅಂಗಡಿಯ ಫಲಕದಿಂದಲೂ ನ್ಯಾಶ್ ಹೆಸರು ಇಳಿಸಿದ್ದಾರೆ. ಅಲ್ಲಿನವನು, "ಅಮ್ಮಾ, ಇನ್ನು ಇದನ್ನ ಯಾರೂ ಕೇಳಲ್ಲ, ಕೊಟ್ಟು ಹೊಸದು ತಗೊಳ್ಳಿ" ಎಂದ. ಕೊಡುವುದಿಲ್ಲ ಎಂದು ಬಂದೆ. ಕ್ಲಿಯೋಫಸ್ ವಾರಕ್ಕೆರಡು ಸಂಜೆ ಬಂದು ನನಗೆ ಓಡಿಸಲು ಕಲಿಸುತ್ತಿದ್ದ. ಹಿಂದಕ್ಕೆ ತೆಗೆಯುವುದು ಇನ್ನೂ ಸರಿಯಾಗಿ ಬಂದಿಲ್ಲ, ಆದರೂ ಪರೀಕ್ಷೆಯವನು ಪಾಸು ಮಾಡಿದ್ದಾನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಯಾರ ಜೊತೆಯೂ ಜಗಳಕ್ಕೆ ಹೋಗಬೇಡ, ಜಗಳ ಬಂದರೆ ತಲೆ ತಗ್ಗಿಸಲೂ ಬೇಡ. ಪಾದ್ರಿಗಳು, ಕ್ಲಿಯೋಫಸ್, ಎದುರುಮನೆಯ ಹುಡುಗಿಯರು ಎಲ್ಲರೂ ನಿನ್ನನ್ನು ಕೇಳಿದ್ದಾರೆ. ನಿನ್ನ ತಲೆಯ ಮೇಲೆ ದೇವರ ಕೈ ಇರಲಿ, ಆ ಕೈಯ ಮೇಲೆ ನನ್ನದೂ ಇದೆ ಅಂದುಕೋ.

ನಿನ್ನ ಅಮ್ಮ,
ಲುವೀನಿಯಾ

ಮರೆತೆ ಅನ್ನಬೇಡ, ಬರೆಯಲು ಧೈರ್ಯ ಸಾಲದೆ ಕೊನೆಗಿಟ್ಟೆ: ಲೂಲಾ ಚಿಕ್ಕಮ್ಮನ ಕೈಲಿ ಅಜ್ಜಿ ಹೇಳಿ ಕಳಿಸಿದ್ದಾರೆ. "ನನ್ನ ಮಗನ್ನ ಯಾವ ಮಣ್ಣಿಗೆ ಹಾಕಿದ್ರಿ, ಆ ಮಣ್ಣು ನನಗೆ ತೋರಿಸ್ರಿ. ಹಿಮ ಇದ್ದರೂ ಸರಿ, ಬರ್ತೀನಿ" ಎಂದು. ರೈಲಿನಲ್ಲಿ ಅಷ್ಟು ದೂರ ಕೂತು ಬರಲು ಅವರ ಸೊಂಟಕ್ಕೆ ಆಗುವುದಿಲ್ಲ, ಮಲಗಿಕೊಂಡೇ ಬರಬೇಕು. ನಾಳೆ ಬೆಳಿಗ್ಗೆ ಹೊರಡುತ್ತಿದ್ದೇನೆ. ಚರ್ಚಿನ ಸಿಸ್ಟರ್ ಆರ್ಜೂಲಾ ಜೊತೆಗಿರುತ್ತಾಳೆ. ಅವಳಿಗೆ ಗಾಡಿ ಓಡಿಸಲು ಬಾರದು, ಆದರೆ ಗಟ್ಟಿಯಾಗಿ ಹಾಡುತ್ತಾಳೆ. ಬೇಡ ಎಂದು ತಂತಿ ಕೊಡಬೇಡ, ನಿನಗೆ ಇದು ತಲುಪುವ ಹೊತ್ತಿಗೆ ನಾನು ಅಜ್ಜಿಯನ್ನು ಕರೆದುಕೊಂಡು ಬಂದಿರುತ್ತೇನೆ.