ಸೇತುವೆಯ ಕೆಳಗಿನ ನೀರು

ಮನೆಯಿಂದ,
ಮಾರ್ಚ್ ೧೪, ಭಾನುವಾರ

ಮುದ್ದು ಪುಟ್ಟೀ,

ಹೇಗಿದ್ದೀಯೆ? ಕಾಲಿನ ಬಾವು ಇಳಿಯಿತೇ? ಊಟ ಸೇರುತ್ತಿಲ್ಲ ಎಂದು ಬರೆದಿದ್ದೆ. ಸೇರಲಿ ಬಿಡಲಿ, ಹೊತ್ತು ಹೊತ್ತಿಗೆ ಎರಡು ತುತ್ತಾದರೂ ತಿನ್ನು. ಅಳಿಯಂದಿರಿಗೆ ನಿನ್ನನ್ನು ಗದರಿಸುವ ಧೈರ್ಯವಿಲ್ಲ, ಅದು ನನಗೆ ಗೊತ್ತು. ನಾನಂತೂ ಗುಂಡುಕಲ್ಲಿನ ಹಾಗಿದ್ದೇನೆ. ನಿಮ್ಮಪ್ಪ ನಿನಗೆಂದು ಮುಂದಿನ ಕೋಣೆಗೆ ಬಣ್ಣ ಬಳಿಯಲು ಹೋಗಿ, ಗೋಡೆಗಿಂತ ಹೆಚ್ಚು ಮೈಗೇ ಬಳಿದುಕೊಂಡರು.

ಆದರೆ ಹೆರಿಗೆಗೆ ನೀನು ಇಲ್ಲಿಗೆ ಬರಬೇಡ. ಸಿಟ್ಟಾಗದೆ ಪೂರ್ತಿ ಓದು. ನಾನೇ ರಜೆ ಹಾಕಿ ಅಲ್ಲಿಗೆ ಬರುತ್ತೇನೆ.

ನನ್ನ ಕೆಲಸ ನಿನಗೆ ಗೊತ್ತೇ ಇದೆ, ಸೋಮವಾರಕ್ಕೊಮ್ಮೆ ನದಿಯ ನೀರು ಹಿಡಿದು, ಪರೀಕ್ಷಿಸಿ, ಕುಡಿಯಲು ಯೋಗ್ಯ ಎಂದು ಸಹಿ ಹಾಕುವುದು. ಹಿಡಿಯಬೇಕಾದದ್ದು ಸೇತುವೆಯ ಕೆಳಗಡೆ, ಬ್ಯಾಟರಿ ಕಾರ್ಖಾನೆಯ ಮೋರಿ ನದಿಗೆ ಸೇರಿದ ಮೇಲೆ. ನಮ್ಮ ನಲ್ಲಿಗಳಿಗೆ ನೀರೆತ್ತುವುದು ಅಲ್ಲಿಂದಲೇ. ಅಲ್ಲಿ ದಡ ಜಾರುತ್ತದೆ, ನಾತಕ್ಕೆ ಮೂಗು ಮುಚ್ಚಿಕೊಳ್ಳಬೇಕು. ನನಗೆ ಕೆಲಸ ಕಲಿಸಿದ ಹಿರಿಯರು ಸೇತುವೆಯ ಮೇಲೇ ನಿಂತು, ಮೋರಿಗಿಂತ ಮೇಲಿನ ಬದಿಗೆ ಬಾಟಲಿ ಇಳಿಬಿಡುತ್ತಿದ್ದರು. "ಹರಿಯೋ ನೀರಮ್ಮ, ಎಲ್ಲಿ ಹಿಡಿದ್ರೇನು?" ಹನ್ನೊಂದು ವರ್ಷ ನಾನೂ ಹಾಗೇ ಹಿಡಿದೆ.

ಹೋದ ತಿಂಗಳು ರಿಪೇರಿಗೆಂದು ಸೇತುವೆ ಮುಚ್ಚಿದರು. ವಿಧಿಯಿಲ್ಲದೆ ಕೆಳಗಿಳಿದೆ. ನೀರಿನಲ್ಲಿ ಬ್ಯಾಟರಿಯ ಸೀಸ ಬಂತು, ಮಿತಿಯ ಒಂಬತ್ತು ಪಟ್ಟು. ನನ್ನದೇ ತಪ್ಪಿರಬೇಕೆಂದು ಮೂರು ಸಲ ಪರೀಕ್ಷಿಸಿದೆ, ಮೂರು ಸಲವೂ ಅಷ್ಟೇ. ನೋಡಲು ಕನ್ನಡಿಯಂಥ ನೀರು ಕಣೇ! ಕುದಿಸಿದರೂ ಸೀಸ ಹೋಗುವುದಿಲ್ಲ. ಸಾಹೇಬರ ಮುಂದಿಟ್ಟರೆ ಹಳೆಯ ವರದಿಗಳ ಕಟ್ಟನ್ನೇ ನನ್ನತ್ತ ತಳ್ಳಿದರು. "ಇಷ್ಟು ವರ್ಷ ಚೆನ್ನಾಗಿದೆ ಅಂತ ಬರೆದಿದ್ದು ಯಾರು? ಇದನ್ನೂ ಹಾಗೇ ಬರೀರಿ." ಬರೆದೆ. ಥೂ, ನನ್ನ ಜನ್ಮಕ್ಕಿಷ್ಟು! ಬೀದಿಯವರು ಇವತ್ತೂ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿದ್ದರು, ನನ್ನನ್ನು ಕಂಡು ನಕ್ಕರು. ಅವರಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ನಿನ್ನ ಒಡಲು ತಣ್ಣಗಿರಲಿ ಮಗಳೇ. ಅಳಿಯಂದಿರನ್ನು ಕೇಳಿದೆನೆಂದು ಹೇಳು.

ನಿನ್ನ
ಅಮ್ಮ

ತಾ.ಕ.: ಮರೆತಿದ್ದಲ್ಲ, ಬರೆಯಲು ಕೈ ಬರಲಿಲ್ಲ. ಮೂರು ವರ್ಷದ ಹಿಂದೆ ನೀನು ಇಲ್ಲಿದ್ದಾಗ ಐದನೇ ತಿಂಗಳಿಗೆ ಮಗು ಹೋಯಿತಲ್ಲ, ಆಗ ಆಸ್ಪತ್ರೆಯಲ್ಲಿ ಎಲ್ಲರೆದುರು "ಮೆಟ್ಟಿಲು ಹತ್ತಬೇಡ ಅಂದ್ರೆ ಕೇಳಿದ್ಯಾ?" ಎಂದುಬಿಟ್ಟೆ. ನೀನು ಅದನ್ನೇ ನಂಬಿ, ಅಲ್ಲಿ ಮೆಟ್ಟಿಲಿಲ್ಲದ ಮನೆ ಹುಡುಕಿಕೊಂಡೆ. ಸೀಸ ಬಸುರಿಯರಿಗೆ ಏನು ಮಾಡುತ್ತದೆಂದು ಮೊನ್ನೆ ಓದಿದೆ. ತಪ್ಪು ಮೆಟ್ಟಿಲಿನದಲ್ಲ, ನಿನ್ನದಂತೂ ಅಲ್ಲವೇ ಅಲ್ಲ. ಆ ಐದು ತಿಂಗಳೂ ದಿನಾ ಬೆಳಿಗ್ಗೆ ನಲ್ಲಿಯಿಂದ ತಂಬಿಗೆ ತುಂಬಿಸಿ, ಬೇಡವೆಂದರೂ ಬಿಡದೆ ನಿನಗೆ ಕುಡಿಸಿದವಳು ನಾನೇ.